ರವಿವಾರದ ಅತಿಥಿಗೆ ಬಾಗಿಲು ತೆರೆದಿರಲಿ

ಮಾನ್ಯ ಸಂಪಾದಕರೇ,

ಬೆಂಗಳೂರು–ಧಾರವಾಡ ನಡುವೆ 2023ರ ಜೂನ್‌ನಲ್ಲಿ ವಂದೇ ಭಾರತ್ ರೈಲು ಆರಂಭವಾದ ಮೇಲೆ, ವಾರದ ಕೊನೆಯಲ್ಲಿ ಬಂದು ಹೋಗುವ ನೆಂಟರು, ಬೀಗರು, ಮಕ್ಕಳ ಗೆಳೆಯರಿಗೆ ನಮ್ಮ ಹುಬ್ಬಳ್ಳಿ–ಧಾರವಾಡ ಅವಳಿ ನಗರದ ದಾರಿ ಮತ್ತಷ್ಟು ಸುಲಭವಾಗಿದೆ. ಅವರನ್ನು ಎಲ್ಲಿಗೆ ಕರೆದೊಯ್ಯಬೇಕು ಎಂಬ ಪ್ರಶ್ನೆ ಬಂದಾಗ ಮಾತ್ರ ಅನೇಕ ಮನೆಗಳಲ್ಲಿ ಮಾಲ್, ದಾಂಡೇಲಿ ಅಥವಾ ಗೋವೆಯ ಹೆಸರೇ ಮೊದಲು ಕೇಳಿಬರುತ್ತದೆ. ಕಾಡು, ಕಡಲು ನೋಡಬಾರದೆಂದು ನಾನು ಹೇಳುತ್ತಿಲ್ಲ. ಆದರೆ ಇರುವ ಎರಡು ದಿನಗಳಲ್ಲಿ ಬಹುಪಾಲು ರಸ್ತೆಯಲ್ಲೇ ಕಳೆದು, ನಮ್ಮ ಊರನ್ನೇ ನೋಡದೆ ಅತಿಥಿಗಳು ಮರಳುವುದು ಬೇಸರದ ಸಂಗತಿ.

ಹುಬ್ಬಳ್ಳಿಯ ಉಣಕಲ್‌ನಲ್ಲಿರುವ ಚಂದ್ರಮೌಳೇಶ್ವರ ದೇವಸ್ಥಾನವನ್ನೇ ತೆಗೆದುಕೊಳ್ಳಿ. ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ಸಿನಿಂದಿಳಿದು ನಡೆದೇ ತಲುಪಬಹುದಾದ, ಕಲ್ಯಾಣ ಚಾಲುಕ್ಯರ ಕಾಲದ ಈ ಗುಡಿಗೆ ನಾಲ್ಕು ದಿಕ್ಕುಗಳಿಂದಲೂ ಪ್ರವೇಶವಿದ್ದು, ಒಳಗೆ ಚತುರ್ಮುಖ ಲಿಂಗವಿದೆ. ಹೊರಗೋಡೆಯ ಕೆತ್ತನೆಯನ್ನು ಬೆಳಗಿನ ಬಿಸಿಲಿನಲ್ಲಿ ಸಾವಕಾಶವಾಗಿ ನೋಡಿದವರಿಗೆ ಹುಬ್ಬಳ್ಳಿ ಬರಿಯ ವ್ಯಾಪಾರದ ಊರೆಂಬ ಕಲ್ಪನೆ ಉಳಿಯಲಾರದು. ಆದರೂ ಸುತ್ತಲಿನ ಮನೆಗಳ ನಡುವಿನ ಇಕ್ಕಟ್ಟಾದ ಓಣಿಗಳಲ್ಲಿ ಹೊಸಬರು ದಾರಿ ಕೇಳುತ್ತಲೇ ಹೋಗಬೇಕು. ಮುಖ್ಯರಸ್ತೆಯಿಂದ ಗುಡಿಯವರೆಗೆ ಎದ್ದು ಕಾಣುವ ನಾಲ್ಕಾರು ಫಲಕಗಳನ್ನು ನೆಡುವುದು ಮಹಾನಗರ ಪಾಲಿಕೆಗೆ ದೊಡ್ಡ ಹೊರೆಯೇನಲ್ಲ. ಮಕ್ಕಳಿದ್ದರೆ 2020ರಲ್ಲಿ ತೆರೆದ ರೈಲ್ವೆ ವಸ್ತುಸಂಗ್ರಹಾಲಯವಿದೆ. ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 1,507 ಮೀಟರ್ ಉದ್ದದ, ಜಗತ್ತಿನಲ್ಲೇ ಅತಿ ಉದ್ದವಾದ ಪ್ಲಾಟ್‌ಫಾರ್ಮ್ ಇದೆ.

ಧಾರವಾಡದ ಮಾತು ಬೇರೆ. ಅಲ್ಲಿ ನೋಡಬೇಕಾದುದು ಕಟ್ಟಡಗಳಿಗಿಂತ ಹೆಚ್ಚಾಗಿ ಅಲ್ಲಿ ಬಾಳಿದವರ ನೆನಪು. ಬೇಂದ್ರೆಯವರ ಸಾಧನಕೇರಿ, ಮಲ್ಲಿಕಾರ್ಜುನ ಮನ್ಸೂರ ಅವರು ಬಾಳಿದ ‘ಮೃತ್ಯುಂಜಯ’ ಮನೆ, 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘ ಇವೆಲ್ಲವನ್ನೂ ಒಂದೇ ದಿನದಲ್ಲಿ ನೋಡಿ, ಲೈನ್ ಬಜಾರಿನ ಪೇಢೆ ಕಟ್ಟಿಸಿಕೊಂಡು ಸಂಜೆಯೊಳಗೆ ಮನೆ ಸೇರಬಹುದು.

ಇಲ್ಲಿಯೇ ನನ್ನ ಮುಖ್ಯ ಅಹವಾಲು ಇರುವುದು. ಬೆಂಗಳೂರಿನಿಂದ ಬಂದಿದ್ದ ತಂಗಿಯ ಕುಟುಂಬವನ್ನು ಇತ್ತೀಚೆಗೆ ಕಲಾವಿದರೊಬ್ಬರ ನೆನಪಿನ ತಾಣಕ್ಕೆ ಕರೆದೊಯ್ದಾಗ, ರವಿವಾರ ರಜೆಯೆಂದು ಗೇಟಿಗೆ ಬೀಗ ಹಾಕಲಾಗಿತ್ತು. ಯಾವ ದಿನ, ಎಷ್ಟು ಹೊತ್ತು ತೆರೆದಿರುತ್ತದೆ ಎಂಬ ಫಲಕವೂ ಅಲ್ಲಿರಲಿಲ್ಲ. ಸಂಗೀತ ಕಲಿಯುತ್ತಿರುವ ಸೊಸೆ ಗೇಟಿನ ಹೊರಗಿನಿಂದಲೇ ಕೈಮುಗಿದು ಹಿಂದಿರುಗಿದಳು. ಕಚೇರಿಗಳಿಗೆ ಒಪ್ಪುವ ರಜೆ ಸ್ಮಾರಕಗಳಿಗೆ ಒಪ್ಪುವುದಿಲ್ಲ, ಏಕೆಂದರೆ ಪರಊರಿನ ದುಡಿಯುವ ಜನರಿಗೆ ಬರಲು ಬಿಡುವಿರುವುದೇ ಆ ದಿನ. ಸಿಬ್ಬಂದಿಗೆ ವಾರದ ನಡುವೆ ರಜೆ ಕೊಟ್ಟು ಶನಿವಾರ, ರವಿವಾರ ಸಂಜೆಯವರೆಗೆ ತೆರೆದಿಡಲು ಎಲ್ಲ ಸ್ಮಾರಕ ಟ್ರಸ್ಟ್‌ಗಳೂ ಮನಸ್ಸು ಮಾಡಬೇಕು. ಹೆಚ್ಚುವರಿ ಸಿಬ್ಬಂದಿ ಬೇಕಾದಲ್ಲಿ ಅದರ ವೆಚ್ಚವನ್ನು ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಭರಿಸಬೇಕು.

ಇನ್ನೊಂದು ದಿನವಿದ್ದರೆ ಗದಗದ ದಾರಿ ಹಿಡಿಯಬೇಕು. ದಾರಿಯಲ್ಲೇ ಆದಿಕವಿ ಪಂಪನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಅಣ್ಣಿಗೇರಿ ಮತ್ತು ಅಲ್ಲಿನ ಅಮೃತೇಶ್ವರ ಗುಡಿ ಸಿಗುತ್ತವೆ. ಗದಗಿನಲ್ಲಿ ಕುಮಾರವ್ಯಾಸ ಕುಳಿತು ಭಾರತ ಬರೆದನೆಂದು ಜನ ನಂಬುವ ವೀರನಾರಾಯಣ ದೇವಾಲಯ ಹಾಗೂ ತ್ರಿಕೂಟೇಶ್ವರದ ಆವರಣದಲ್ಲಿರುವ ಸರಸ್ವತಿ ಗುಡಿ, ಅಲ್ಲಿಂದ ಹತ್ತು-ಹನ್ನೆರಡು ಕಿಲೋಮೀಟರ್ ದೂರದ ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿ ವಿಶ್ವನಾಥ ಗುಡಿ ಮತ್ತು ಮೆಟ್ಟಿಲು ಬಾವಿಗಳು ಇವೆ. ಲಕ್ಕುಂಡಿಗೆ ಅರ್ಧ ದಿನ ಮೀಸಲಿಡಬೇಕೆಂಬುದು ನನ್ನ ಅಭಿಪ್ರಾಯ. ಅವಸರದಲ್ಲಿ ನೋಡಿದರೆ ಆ ಊರು ದಕ್ಕುವುದಿಲ್ಲ. ಚಳಿಗಾಲವಾಗಿದ್ದರೆ, ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಗದಗ ಜಿಲ್ಲೆಯದೇ ಆದ ಮಾಗಡಿ ಕೆರೆಯಲ್ಲಿ ಕಾಣಬಹುದು.

ಕಾರಿಲ್ಲದ ಮನೆಯವರಿಗೆ ಬಸ್ಸು ಬದಲಿಸುತ್ತ, ವಯಸ್ಸಾದ ಅತಿಥಿಗಳೊಂದಿಗೆ ಇಷ್ಟೆಲ್ಲ ತಿರುಗುವುದು ಕಷ್ಟ. ಹುಬ್ಬಳ್ಳಿಯಲ್ಲೇ ಕೇಂದ್ರ ಕಚೇರಿಯುಳ್ಳ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯು ಮಳೆಗಾಲದಲ್ಲಿ ಜೋಗಕ್ಕೆ ವಿಶೇಷ ಬಸ್ಸು ಬಿಟ್ಟಾಗ ಜನ ಅದನ್ನು ಬಳಸಿಕೊಂಡಿದ್ದಾರೆ. ಅದೇ ರೀತಿ ಶನಿವಾರ ಅವಳಿ ನಗರಕ್ಕೆ, ರವಿವಾರ ಅಣ್ಣಿಗೇರಿ, ಗದಗ, ಲಕ್ಕುಂಡಿಗೆ ಸ್ಥಳದ ಇತಿಹಾಸ ಬಲ್ಲ ಮಾರ್ಗದರ್ಶಿಯೊಂದಿಗೆ ಒಂದೊಂದು ಬಸ್ಸನ್ನು ವರ್ಷವಿಡೀ ತಪ್ಪದೆ ಓಡಿಸಬೇಕು, ಅದರ ವೇಳಾಪಟ್ಟಿಯನ್ನು ರೈಲು ನಿಲ್ದಾಣಗಳಲ್ಲಿ ಹಾಕಬೇಕು ಎಂದು ಸಂಸ್ಥೆಯನ್ನೂ ಪ್ರವಾಸೋದ್ಯಮ ಇಲಾಖೆಯನ್ನೂ ಈ ಮೂಲಕ ಒತ್ತಾಯಿಸುತ್ತೇನೆ.

– ಒಬ್ಬ ಓದುಗ, ವಿದ್ಯಾನಗರ, ಹುಬ್ಬಳ್ಳಿ