4.7 ಮೇಷ್ಟ್ರೋ, 2.4 ಮೇಡಮ್ಮೋ?

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ನಿನ್ನೆ ರಾತ್ರಿ ನೋಡಿದೆ. ಒಂದೇ ಕ್ಲಾಸು, ಕಲಿಸುವವರು ಇಬ್ಬರು. ಆನ್‌ಲೈನ್ ರಿವ್ಯೂಗಳಲ್ಲಿ ಮೇಷ್ಟ್ರಿಗೆ 5ಕ್ಕೆ 4.7, ಮೇಡಮ್‌ಗೆ 2.4. “ಇದರಲ್ಲಿ ಯೋಚನೆ ಮಾಡೋದು ಏನಿದೆ, 4.7 ತಗೊಂಡ್ರೆ ಆಯ್ತು ಅಲ್ವಾ?” ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಮಾತು ಬಿಟ್ಟುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಇದೇ ಗೊಂದಲದಲ್ಲಿ ಇನ್ನೂ ಎಷ್ಟೋ ಜನ ಇರುತ್ತಾರೆ, ಎಲ್ಲರೂ ಓದಲಿ ಅಂದೆಯಲ್ಲ, ಹಾಗಾಗಿ ನಿನ್ನ ಹೆಸರು ಬಿಟ್ಟು ಹಾಕುತ್ತಿದ್ದೇನೆ.

ಮೊದಲು ನನ್ನ ಕಥೆ ಹೇಳುತ್ತೇನೆ.

ಎರಡನೇ ವರ್ಷದಲ್ಲಿ ನನಗೆ ಪ್ರಾಬಬಿಲಿಟಿ ಕ್ಲಾಸ್ ಇತ್ತು. ಆಗಲೂ ಇಬ್ಬರು ಕಲಿಸುತ್ತಿದ್ದರು. ಒಬ್ಬ ಮೇಷ್ಟ್ರಿಗೆ 4.8 ಇತ್ತು. ಇನ್ನೊಬ್ಬರು ಒಬ್ಬ ಮೇಡಂ, ಅವರಿಗೆ 2.1. ಮೇಡಂ ಬಗ್ಗೆ ಬರೆದದ್ದು ನನಗೆ ಈಗಲೂ ನೆನಪಿದೆ. “ಉತ್ತರ ಹೇಳಲ್ಲ, ತಿರುಗಿ ಪ್ರಶ್ನೆ ಕೇಳ್ತಾರೆ.” “ಪ್ರತಿ ವಾರ ಹೋಂವರ್ಕ್.” “ಬೋರ್ಡ್ ಹತ್ತಿರ ಕರೆದು ಎಲ್ಲರ ಮುಂದೆ ಲೆಕ್ಕ ಮಾಡಿಸ್ತಾರೆ.” ಇಷ್ಟು ಓದಿದ ಮೇಲೆ ನಾನು ಎರಡನೇ ಯೋಚನೆ ಮಾಡಲಿಲ್ಲ. 4.8ಕ್ಕೆ ಸೇರಿದೆ.

ಮೇಷ್ಟ್ರು ಒಳ್ಳೆಯವರು, ಅದರಲ್ಲಿ ಅನುಮಾನವಿಲ್ಲ. ನಗುನಗುತ್ತಾ ಪಾಠ ಮಾಡುತ್ತಿದ್ದರು. ಸ್ಲೈಡ್‌ಗಳು ಚೆನ್ನಾಗಿದ್ದವು. ಪರೀಕ್ಷೆಗೆ ಯಾವ ತರದ ಲೆಕ್ಕ ಬರುತ್ತದೆ ಅಂತ ಮೊದಲೇ ಹೇಳಿಬಿಡುತ್ತಿದ್ದರು. ನನಗೆ ಎ ಗ್ರೇಡ್ ಬಂತು. ನಾನೂ 5 ಸ್ಟಾರ್ ಕೊಟ್ಟು ಬಂದೆ.

ಮುಂದಿನ ಸೆಮಿಸ್ಟರ್‌ನಲ್ಲಿ ಸ್ಟ್ಯಾಟಿಸ್ಟಿಕ್ಸ್ ಶುರುವಾಯಿತು. ಮೊದಲ ವಾರದಲ್ಲೇ ಕಾಲ ಕೆಳಗಿನ ನೆಲ ಕುಸಿಯಿತು. ಕಂಡೀಷನಲ್ ಪ್ರಾಬಬಿಲಿಟಿ, ಅಂದರೆ ಒಂದು ಘಟನೆ ನಡೆದಿದೆ ಅಂತ ಗೊತ್ತಿದ್ದಾಗ ಇನ್ನೊಂದು ನಡೆಯುವ ಸಾಧ್ಯತೆ, ಅದರ ಸೂತ್ರ ನನಗೆ ಬಾಯಿಪಾಠ ಬರುತ್ತಿತ್ತು, ಆದರೆ ಅದನ್ನು ಎಲ್ಲಿ, ಯಾಕೆ ಬಳಸಬೇಕು ಅಂತ ಗೊತ್ತಿರಲಿಲ್ಲ. ನನ್ನ ಪಕ್ಕ ಕೂತಿದ್ದ ಹುಡುಗಿ ಆ 2.1 ಮೇಡಂ ಕ್ಲಾಸಿನಿಂದ ಬಂದವಳು. ಅವಳ ಗ್ರೇಡು ನನಗಿಂತ ಕಮ್ಮಿ. ಆದರೆ ನನಗೆ ಕಬ್ಬಿಣದ ಕಡಲೆಯಾಗಿದ್ದ ಲೆಕ್ಕವನ್ನು ಅವಳು ಒಂದು ಚಿತ್ರ ಬರೆದು ಬಿಡಿಸಿಬಿಡುತ್ತಿದ್ದಳು. ನಾನು ಆ ಸೆಮಿಸ್ಟರ್ ಪೂರ್ತಿ ರಾತ್ರಿ ಕೂತು ಹಳೆಯ ಪಾಠವನ್ನೇ ಮತ್ತೆ ಮೊದಲಿನಿಂದ ಓದಬೇಕಾಯಿತು.

ಇದು ನನ್ನೊಬ್ಬನ ಅನುಭವ ಅಂತ ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ಒಂದು ಅಧ್ಯಯನ ಓದಿದೆ. ಅಮೆರಿಕದ ಏರ್‌ಫೋರ್ಸ್ ಅಕಾಡೆಮಿಯಲ್ಲಿ ಮಾಡಿದ್ದು. ಸ್ಕಾಟ್ ಕ್ಯಾರೆಲ್, ಜೇಮ್ಸ್ ವೆಸ್ಟ್ ಅನ್ನುವ ಇಬ್ಬರು 2010ರಲ್ಲಿ ಪ್ರಕಟಿಸಿದರು. ಅಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರೊಫೆಸರ್ ಯಾರು ಅಂತ ಆರಿಸಿಕೊಳ್ಳುವ ಹಾಗಿಲ್ಲ, ಯಾರು ಯಾರ ಕ್ಲಾಸಿಗೆ ಅನ್ನುವುದನ್ನು ಅಕಾಡೆಮಿಯೇ ಹಂಚಿಬಿಡುತ್ತದೆ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ. ಅಂದರೆ ಜಾಣರೆಲ್ಲ ಒಬ್ಬರ ಕ್ಲಾಸಿಗೇ ಸೇರಿಕೊಂಡರು ಅನ್ನುವ ಗೊಂದಲ ಇಲ್ಲ. 10,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಲೆಕ್ಕ ತೆಗೆದು ನೋಡಿದರು. ವಿದ್ಯಾರ್ಥಿಗಳು ಹೆಚ್ಚು ಅಂಕ ಕೊಟ್ಟು ಮೆಚ್ಚಿದ ಪ್ರೊಫೆಸರ್‌ಗಳ ಕ್ಲಾಸಿನಲ್ಲಿ ಆ ಸೆಮಿಸ್ಟರ್‌ನ ಪರೀಕ್ಷೆ ಚೆನ್ನಾಗಿ ಆಗಿತ್ತು. ಆದರೆ ಅದರ ಮುಂದಿನ ಕ್ಲಾಸಿಗೆ ಹೋದಾಗ ಅದೇ ವಿದ್ಯಾರ್ಥಿಗಳು ಹಿಂದೆ ಬಿದ್ದರು. ಹೆಚ್ಚು ಅನುಭವ ಇದ್ದ ಪ್ರೊಫೆಸರ್‌ಗಳ ಹತ್ತಿರ ಕಲಿತವರು ಮುಂದಿನ ಕ್ಲಾಸಿನಲ್ಲಿ ಚೆನ್ನಾಗಿ ಮಾಡಿದರು.

ಅದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ನನ್ನ ಪಕ್ಕ ಕೂತಿದ್ದ ಹುಡುಗಿಯೇ ಕಣ್ಣ ಮುಂದೆ ಬಂದಳು.

ನೋಡು, ರಿವ್ಯೂ ಬರೆಯುವುದು ಯಾವಾಗ? ಕ್ಲಾಸ್ ನಡೆಯುವಾಗ, ಇಲ್ಲ ಗ್ರೇಡ್ ಬಂದ ದಿನ. ಆ ಪಾಠ ನಿಜವಾಗಿ ಕೈಗೆ ಬಂತೋ ಇಲ್ಲವೋ ಅಂತ ಗೊತ್ತಾಗುವುದು ಆರು ತಿಂಗಳೋ ಒಂದು ವರ್ಷವೋ ಕಳೆದ ಮೇಲೆ. ಅಷ್ಟು ಹೊತ್ತಿಗೆ ವಾಪಸ್ ಹೋಗಿ ರಿವ್ಯೂ ತಿದ್ದುವವರು ಯಾರು? ನಾನೂ ತಿದ್ದಲಿಲ್ಲ. ನನ್ನ ಆ 5 ಸ್ಟಾರ್ ಇವತ್ತಿಗೂ ಅಲ್ಲೇ ಇದೆ, ಯಾರೋ ಅದನ್ನು ನಂಬಿ ಸೇರುತ್ತಿರಬಹುದು. ಅದು ನನಗೆ ನಿಜವಾಗಿಯೂ ಬೇಸರದ ವಿಷಯ.

ಕಲಿಯುವಾಗ ನಮಗೆ ಆಗುವ ಅನಿಸಿಕೆಯೂ ಅಷ್ಟು ನೆಚ್ಚುವಂಥದ್ದಲ್ಲ. 2019ರಲ್ಲಿ ಹಾರ್ವರ್ಡ್‌ನ ಭೌತಶಾಸ್ತ್ರದ ಕ್ಲಾಸುಗಳಲ್ಲಿ ಒಂದು ಪ್ರಯೋಗ ಮಾಡಿದರು. ಕೆಲವರು ಚೆಂದದ ಉಪನ್ಯಾಸ ಕೇಳಿದರು. ಇನ್ನು ಕೆಲವರು ಅದೇ ಪಾಠವನ್ನು ಗುಂಪಿನಲ್ಲಿ ಕೂತು, ತಾವೇ ಲೆಕ್ಕ ಬಿಡಿಸುತ್ತಾ ಕಲಿತರು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದದ್ದು ತಾವೇ ಬಿಡಿಸಿದವರಿಗೆ. ಆದರೆ “ನಾವು ಜಾಸ್ತಿ ಕಲಿತೆವು” ಅಂದವರು ಉಪನ್ಯಾಸ ಕೇಳಿದವರು! ತಡಕಾಡುತ್ತಾ ಕಲಿಯುವಾಗ ಏನೂ ಬರುತ್ತಿಲ್ಲ ಅನ್ನಿಸುತ್ತದೆ. ಹಾಗನ್ನಿಸಿದವನು ಕಮ್ಮಿ ಸ್ಟಾರ್ ಕೊಡುವುದು ಸಹಜ ಅಲ್ವಾ?

ಹಾಗಂತ ರಿವ್ಯೂಗಳೆಲ್ಲ ಸುಳ್ಳು, ಓದಲೇಬೇಡ ಅನ್ನುತ್ತಿಲ್ಲ. ಅದಕ್ಕೂ ನನ್ನ ಹತ್ತಿರ ಒಂದು ಕಥೆ ಇದೆ. ಮೂರನೇ ವರ್ಷದಲ್ಲಿ, ರಿವ್ಯೂಗಳ ಮೇಲೆ ಸಿಟ್ಟು ಬಂದು, ಕಣ್ಣೆತ್ತಿಯೂ ನೋಡದೆ ಒಬ್ಬ ದೊಡ್ಡ ವಿದ್ವಾಂಸರ ಕ್ಲಾಸಿಗೆ ಸೇರಿದೆ. ಹದಿನಾಲ್ಕನೇ ವಾರ ಬಂದರೂ ನಾನು ಕೊಟ್ಟ ಒಂದು ಅಸೈನ್‌ಮೆಂಟೂ ತಿದ್ದಿ ವಾಪಸ್ ಬರಲಿಲ್ಲ. ಮೇಲ್ ಮಾಡಿದರೆ ಉತ್ತರ ಇಲ್ಲ. ನಾನು ಸರಿ ದಾರಿಯಲ್ಲಿದ್ದೇನೋ ಇಲ್ಲವೋ ತಿಳಿಯದೆ ಕೊನೆಯ ಪರೀಕ್ಷೆಗೆ ಕೂತೆ. ಆಮೇಲೆ ಹೋಗಿ ರಿವ್ಯೂ ನೋಡಿದರೆ, ಮೂರು ವರ್ಷದಿಂದ ಬೇರೆ ಬೇರೆ ಜನ ಇದನ್ನೇ ಬರೆದಿದ್ದರು. “ಅಸೈನ್‌ಮೆಂಟ್ ವಾಪಸ್ ಕೊಡಲ್ಲ.” “ಎಷ್ಟು ಮಾರ್ಕ್ಸ್ ಅಂತ ಕೊನೆವರೆಗೂ ಗೊತ್ತಾಗಲ್ಲ.” ಓದಿದ್ದರೆ ನನಗೆ ಅಷ್ಟು ಕಷ್ಟ ಬರುತ್ತಿರಲಿಲ್ಲ.

ಈ ಎರಡು ಸಲ ಪೆಟ್ಟು ತಿಂದ ಮೇಲೆ ನಾನು ಓದುವ ರೀತಿ ಬದಲಾಯಿತು. ಈಗ ಸ್ಟಾರ್ ನೋಡುವುದಿಲ್ಲ. ಬರೆದ ಮಾತಿನಲ್ಲಿ ‘ಏನು ನಡೆಯಿತು’ ಅನ್ನುವುದನ್ನು ಒಂದು ಕಡೆ, ‘ನನಗೆ ಹೇಗನ್ನಿಸಿತು’ ಅನ್ನುವುದನ್ನು ಇನ್ನೊಂದು ಕಡೆ ಇಡುತ್ತೇನೆ. ಹಾಜರಿಗೆ ಅಂಕ ಇದೆಯಾ, ಪರೀಕ್ಷೆ ಎಷ್ಟು, ತಿದ್ದಿದ್ದು ಯಾವಾಗ ಕೈಗೆ ಬರುತ್ತದೆ, ಕ್ಲಾಸಿನ ನಂತರ ಹೋದರೆ ಸಿಗುತ್ತಾರಾ? ಇಂಥ ಮಾತನ್ನು ನಾಲ್ಕೈದು ಜನ, ಬೇರೆ ಬೇರೆ ವರ್ಷಗಳಲ್ಲಿ ಹೇಳಿದ್ದರೆ ನಂಬುತ್ತೇನೆ. “ಬೋರು”, “ಸೂಪರ್”, “ಇವರ ಹತ್ತಿರ ಹೋಗಲೇಬೇಡಿ” ಅನ್ನುವುದನ್ನು ಬಿಟ್ಟುಬಿಡುತ್ತೇನೆ. ಬರೆದವನಿಗೆ ಬೇಕಾಗಿದ್ದು ಏನು ಅಂತ ನನಗೆ ಗೊತ್ತಿಲ್ಲವಲ್ಲ. ಎತ್ತು ಈಯಿತು ಅಂದರೆ ಕರುವನ್ನು ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಹಾಗಾಗಬಾರದು.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡ. ನೀನು ಕೇಳಿದ ಇಬ್ಬರಲ್ಲಿ 2.4 ಇರುವವರು ಹೆಂಗಸು. 2015ರಲ್ಲಿ ಪ್ರಕಟವಾದ, ನಾರ್ತ್ ಕ್ಯಾರೊಲಿನಾ ಸ್ಟೇಟ್ ಯೂನಿವರ್ಸಿಟಿಯ ಒಂದು ಸಣ್ಣ ಪ್ರಯೋಗ ಇದೆ. ಅದು ಆನ್‌ಲೈನ್ ಕ್ಲಾಸು, ಕಲಿಸುವವರ ಮುಖ ಯಾರಿಗೂ ಕಾಣುವುದಿಲ್ಲ. ಕಲಿಸಿದವರು ಒಬ್ಬ ಗಂಡಸು, ಒಬ್ಬ ಹೆಂಗಸು. ಇಬ್ಬರೂ ಎರಡೆರಡು ಗುಂಪಿಗೆ ಕಲಿಸಿದರು. ಒಂದು ಗುಂಪಿಗೆ ತಮ್ಮ ಹೆಸರಿನಲ್ಲಿ, ಇನ್ನೊಂದಕ್ಕೆ ಮತ್ತೊಬ್ಬರ ಹೆಸರಿನಲ್ಲಿ. ನಿಜವಾಗಿ ಕಲಿಸಿದ್ದು ಯಾರೇ ಆಗಿರಲಿ, ಗಂಡಸಿನ ಹೆಸರಿಗೆ ಹೆಚ್ಚು ಅಂಕ ಬಂತು. ಅಸೈನ್‌ಮೆಂಟುಗಳನ್ನು ಇಬ್ಬರೂ ಒಂದೇ ಸಮಯಕ್ಕೆ ತಿದ್ದಿ ಕೊಟ್ಟಿದ್ದರು. ಆದರೂ ‘ಬೇಗ ಕೊಡುತ್ತಾರಾ’ ಅನ್ನುವ ಪ್ರಶ್ನೆಗೆ ಹೆಂಗಸಿನ ಹೆಸರಿಗೆ ಕಮ್ಮಿ ಅಂಕ. ಆ ಪ್ರಯೋಗದಲ್ಲಿ ಇದ್ದವರು 43 ವಿದ್ಯಾರ್ಥಿಗಳು ಅಷ್ಟೇ, ಅದೊಂದರಿಂದ ಎಲ್ಲವೂ ತೀರ್ಮಾನ ಆಗುವುದಿಲ್ಲ. ಆದರೆ ನನ್ನ ಮನಸ್ಸನ್ನು ಅದು ಕೆದಕಿತು. ‘ಬೋರ್ಡ್ ಹತ್ತಿರ ಕರೆಯುತ್ತಾರೆ’ ಅನ್ನುವುದು ಒಬ್ಬ ಮೇಷ್ಟ್ರ ಬಗ್ಗೆ ಬರೆದಿದ್ದರೆ ನಾನು ‘ಶಿಸ್ತಿನವರು’ ಅಂತ ಓದಿಕೊಳ್ಳುತ್ತಿದ್ದೆನೇನೋ. ಮೇಡಂ ಅಂದಾಗ ‘ಜೋರಿನವರು’ ಅಂತ ಓದಿಕೊಂಡೆ.

ಪ್ರೊಫೆಸರ್‌ಗಳ ಬಗ್ಗೆ ರಿವ್ಯೂ ಬರೆಯುವ ಎಲ್ಲಕ್ಕಿಂತ ದೊಡ್ಡ ವೆಬ್‌ಸೈಟ್ ಆದ ರೇಟ್ ಮೈ ಪ್ರೊಫೆಸರ್ಸ್‌ನಲ್ಲೇ, ಪಾಠದ ಅಂಕದ ಪಕ್ಕ ಮೆಣಸಿನಕಾಯಿಯ ಚಿತ್ರ ಇರುತ್ತಿತ್ತು. ಪ್ರೊಫೆಸರ್ ನೋಡಲು ಆಕರ್ಷಕವಾಗಿದ್ದಾರೆ ಅಂತ ಅದರ ಅರ್ಥ. 2018ರಲ್ಲಿ, ಪ್ರೊಫೆಸರ್‌ಗಳು ದನಿ ಎತ್ತಿದ ಮೇಲೆ ಅದನ್ನು ತೆಗೆದರು. ಅಷ್ಟು ವರ್ಷ ಅದು ಅಲ್ಲಿತ್ತು ಅಂದರೆ, ಆ ಸ್ಟಾರ್‌ಗಳಲ್ಲಿ ಏನೇನು ಬೆರೆತಿತ್ತು ಅಂತ ನೀನೇ ಯೋಚಿಸು.

ಸರಿ, ನೀನು ಕಳಿಸಿದ ಪುಟಗಳಿಗೆ ಬರುತ್ತೇನೆ. ನಾನು ಎರಡನ್ನೂ ಪೂರ್ತಿ ಓದಿದೆ. 4.7 ಮೇಷ್ಟ್ರಿಗೆ ಬಂದಿರುವುದು ಬರೀ ಆರು ರಿವ್ಯೂ. ಅದರಲ್ಲಿ ಮೂರು ನಿನ್ನ ಕ್ಲಾಸಿನದ್ದೇ ಅಲ್ಲ, ಅವರು ಹಿಂದೆ ಕಲಿಸಿದ ಬೇರೆ ಕ್ಲಾಸಿನದ್ದು. ಕೋರ್ಸ್ ನಂಬರ್ ನೋಡಲಿಲ್ಲ ನೀನು. 2.4 ಮೇಡಂಗೆ ಹದಿನೇಳು ಇವೆ, ಅದರಲ್ಲಿ ಆರು ಒಂದೇ ವಾರದಲ್ಲಿ ಬಂದಿವೆ. ಪರೀಕ್ಷೆಯ ಫಲಿತಾಂಶ ಬಂದ ವಾರ ಇರಬೇಕು. ಹೆಚ್ಚಿನವರು 1 ಕೊಟ್ಟಿದ್ದಾರೆ, ಕೆಲವರು 5 ಕೊಟ್ಟಿದ್ದಾರೆ, ನಡುವೆ ಯಾರೂ ಇಲ್ಲ. ಸರಾಸರಿ ತೆಗೆದರೆ ಅದು ಕಾಣುವುದಿಲ್ಲ. ಇನ್ನೊಮ್ಮೆ ಓದು, “ಪಾಠ ಅರ್ಥ ಆಗಲ್ಲ” ಅಂತ ಬರೆದವರು ಇಬ್ಬರೇ. ಉಳಿದವರೆಲ್ಲ “ಪರೀಕ್ಷೆ ಕಷ್ಟ”, “ಕೆಲಸ ಜಾಸ್ತಿ” ಅಂದಿದ್ದಾರೆ. 5 ಕೊಟ್ಟ ಒಬ್ಬರು ಬರೆದಿದ್ದಾರೆ, “ಇವರ ಕ್ಲಾಸ್ ಆದ ಮೇಲೆ ಮುಂದಿನ ಎರಡು ಕ್ಲಾಸ್ ಸಲೀಸಾಯ್ತು.” ನನಗೆ ಆ ಒಂದು ಸಾಲು 2.4ಕ್ಕಿಂತ ದೊಡ್ಡದು. ಅದನ್ನು ಬರೆದವರು ಮುಂದೆ ಹೋಗಿ, ಹಿಂದೆ ತಿರುಗಿ ನೋಡಿ ಬರೆದಿದ್ದಾರೆ.

ನನ್ನನ್ನು ಕೇಳಿದರೆ, ಮೇಡಂ ಕ್ಲಾಸ್ ತಗೋ. ಮುಂದೆ ನೀನು ಓದಬೇಕಾದ ಮೂರು ಕ್ಲಾಸಿಗೆ ಇದೇ ತಳಪಾಯ. ಇದು ನಿನ್ನ ಓದಿಗೆ ಸಂಬಂಧವೇ ಇಲ್ಲದ ಕ್ಲಾಸಾಗಿದ್ದರೆ, ಸುಲಭವಾಗಿರುವವರ ಹತ್ತಿರ ಹೋಗು ಅನ್ನುತ್ತಿದ್ದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಸೆಮಿಸ್ಟರ್ ನಿನಗೆ ಇನ್ನೂ ಎರಡು ಭಾರದ ಕ್ಲಾಸ್ ಇವೆ, ಸಂಜೆ ಕೆಲಸವೂ ಇದೆ. ಮೇಡಂ ಕ್ಲಾಸಿನಲ್ಲಿ ಕೆಲಸ ಜಾಸ್ತಿ ಅಂದರೆ ಸಮಯ ಬೇಕು. ಆ ಎರಡರಲ್ಲಿ ಒಂದನ್ನು ಮುಂದಿನ ಸೆಮಿಸ್ಟರ್‌ಗೆ ತಳ್ಳಲು ಆಗುತ್ತದಾ ನೋಡು. ಆಗದಿದ್ದರೆ ಮತ್ತೆ ಕೂತು ಮಾತಾಡೋಣ. ನಿನ್ನ ನಿದ್ದೆ ಕೆಡಿಸಿಕೊಂಡು ಕಲಿ ಅಂತ ನಾನು ಹೇಳಲಾರೆ.

ಇಬ್ಬರ ಹಳೆಯ ಸಿಲಬಸ್‌ಗಳನ್ನೂ ವಿಭಾಗದ ಆಫೀಸಿನಲ್ಲಿ ಕೇಳು, ಸಾಮಾನ್ಯವಾಗಿ ಕೊಡುತ್ತಾರೆ. ಕಳೆದ ವರ್ಷ ಮೇಡಂ ಹತ್ತಿರ ಕಲಿತ, ಈಗ ಮುಂದಿನ ಕ್ಲಾಸಿನಲ್ಲಿರುವ ಒಬ್ಬ ಸೀನಿಯರ್‌ನ ಹುಡುಕು. ಅವರನ್ನು “ಮೇಡಂ ಹೇಗೆ?” ಅಂತ ಕೇಳಬೇಡ. “ಅವರು ಕಲಿಸಿದ್ದರಲ್ಲಿ ಈಗ ಏನು ಬಳಸ್ತಿದ್ದೀಯ?” ಅಂತ ಕೇಳು. ಕ್ಲಾಸ್ ಬದಲಾಯಿಸಲು ಕೊನೆಯ ದಿನ ಯಾವುದು ಅಂತ ಇವತ್ತೇ ಬರೆದಿಟ್ಟುಕೋ. ಅದರೊಳಗೆ ಇಬ್ಬರ ಕ್ಲಾಸಿನಲ್ಲೂ ಒಂದೊಂದು ದಿನ ಕೂತು ಬಾ.

ಹೇಳುವುದು ಮರೆತೆ. ಆ 2.1 ಮೇಡಂ ಹತ್ತಿರ ನಾನು ಕೊನೆಗೂ ಕಲಿತೆ, ನಾಲ್ಕನೇ ವರ್ಷದಲ್ಲಿ, ಬೇರೊಂದು ವಿಷಯ. ಎರಡು ಸಲ ಕ್ಲಾಸ್ ಬಿಟ್ಟುಬಿಡೋಣ ಅನ್ನಿಸಿತ್ತು. ಒಂದು ಸಂಜೆ ಅರ್ಥವಾಗದ ಲೆಕ್ಕ ಹಿಡಿದುಕೊಂಡು ಅವರ ರೂಮಿಗೆ ಹೋದೆ. ಅವರು ಹಾಳೆಯ ಮೇಲೆ ಒಂದು ಗೆರೆ ಎಳೆದು, ಪೆನ್ನು ನನ್ನ ಕೈಗೆ ಕೊಟ್ಟು, “ಇದು ಇಲ್ಲಿಂದ ಎಲ್ಲೆಲ್ಲಿಗೆ ಹೋಗಬಹುದು?” ಅಂತ ಕೇಳಿದರು. ಆಮೇಲೆ ನಲವತ್ತು ನಿಮಿಷ ಕಾದರು. ಒಂದು ಸಲವೂ ಗಡಿಯಾರ ನೋಡಲಿಲ್ಲ. ಅವರ ಬಗ್ಗೆ ಬಂದ ಅಷ್ಟೂ ರಿವ್ಯೂಗಳಲ್ಲಿ ಇದನ್ನು ಯಾರೂ ಬರೆದಿರಲಿಲ್ಲ.

ನಿನ್ನ ಮೇಡಂ ಕ್ಲಾಸಿಗೆ ಹೋಗಿ ಬಂದ ರಾತ್ರಿಯೇ ನನಗೆ ಬರೆ. ಮೊದಲ ದಿನ ಅವರು ಯಾವ ಪ್ರಶ್ನೆ ಕೇಳಿದರು, ಯಾರೂ ಉತ್ತರ ಹೇಳದಿದ್ದಾಗ ಏನು ಮಾಡಿದರು, ಅದನ್ನು ತಿಳಿಯುವ ಆಸೆ ನನಗೆ.

ಇಂತಿ ನಿನ್ನ ಗೆಳೆಯ