ಗೋಲಿಗೆ, ಕ್ಯಾಂಪಿನಿಂದ

ಲೇ ಗೋಲಿ,

ಇದನ್ನ ಫೋನಿನಾಗ ಹೇಳಬಹುದಿತ್ತು. ಆದ್ರ ಫೋನಿನಾಗ ನೀ "ಹಾಂ, ಹಾಂ" ಅಂತಿ, ನಾ "ಮತ್ತೇನ ವಿಶೇಷ" ಅಂತೇನಿ, ಅಲ್ಲಿಗೆ ಮಾತ ಮುಗೀತೈತಿ. ಅದಕ್ಕ ಬರದ ಹಾಕಾಕತ್ತೇನಿ, ಅದೂ ಊರ ಮಂದಿ ಮುಂದ. ನಾಕ ಮಂದಿ ನೋಡಲಿ ಅಂತ ಬರಿಯೋದು ನನ್ನ ಹಳೇ ಚಟ, ನಿನಗ ಗೊತ್ತಿದ್ದದ್ದ. ಹಸಿರ ಸೈಕಲ್ಲಿನ ಸುದ್ದಿ ಮಾತ್ರ ಇಲ್ಲೆ ಬರೂದಿಲ್ಲ, ಹೆದರಬ್ಯಾಡ.

ನಾ ಈಗ ಸಂಜಿಮುಂದ ಸಂತರ ಚರಿತ್ರಿ ಓದಾಕತ್ತೇನಿ. ನಗಬ್ಯಾಡ. ನಿಮ್ಮವ್ವ, ನಮ್ಮ ಆಂಟಿ, ಅವರ ಕಣ್ಣಿಗೆ ಮೋತಿಬಿಂದು ಬಂದಾಗಿಂದ ಅವರ ಆ ದಪ್ಪ ಇಂಗ್ಲಿಷ್ ಪುಸ್ತಕ ನನ್ನ ಪಾಲಿಗೆ ಬಂದೈತಿ. ಸೊಸೈಟಿ ಶಟರ್ ಎಳದು, ಬೆಳಗಾವಿ ಕ್ಯಾಂಪಿನಾಗ ನಿಮ್ಮ ಮನಿಗೆ ಹೋಗಿ, ಚಹಾ ಕುಡದು, ಒಬ್ಬ ಸಂತನ್ನ ಮುಗಿಸಿ ಮನಿಗೆ ಬರತೇನಿ. ಇಂಗ್ಲಿಷ್‌ದಾಗ ಓದೋದು, ಕನ್ನಡದಾಗ ಹೇಳೋದು. ಎಲ್ಲಿ ಎಡವಿದ್ನಿ ಅಲ್ಲೆ ಅವರು ಕೊಂಕಣಿಯೊಳಗ ಬೈತಾರ. "ಮನ್ಯಾಗ ಲಿಂಗಪೂಜಿಗೆ ಒಂದ ಗಳಿಗಿ ಕೂಡೂದಿಲ್ಲ, ಅಲ್ಲೆ ಹೋಗಿ ಪಾದ್ರಿ ಪುರಾಣ ಹೇಳತಿ" ಅಂತಾಳ ನಮ್ಮವ್ವ.

ಸೇಂಟ್ ಪಾಲ್ಸ್‌ದಾಗ ಇದ್ದಾಗ ಈ ಸಂತರೆಲ್ಲ ನನಗ ಗ್ವಾಡಿ ಮ್ಯಾಗಿನ ಫೋಟೋ ಅಷ್ಟ ಆಗಿದ್ದರು. ಈಗ ನಿಲುವಂಗಿ ನೋಡಿ ಯಾವ ಸನ್ಯಾಸಿ ಸಭೆದಾಂವ ಅಂತ ಹೇಳತೇನಿ. ಕಂದು ಬಣ್ಣ, ನಡಕ್ಕ ಬಿಳಿ ಹಗ್ಗ ಇದ್ರ ಫ್ರಾನ್ಸಿಸ್ಕನ್. ಬಿಳೀದರ ಮ್ಯಾಲ ಕರೀ ಮೇಲಂಗಿ ಇದ್ರ ಡೊಮಿನಿಕನ್. ಬೆನೆಡಿಕ್ಟನ್ ಸನ್ಯಾಸಿಗಳು ಸೇರಿದ ಮಠದಾಗ ಸಾಯೋತನಕ ಇರತೇವಿ ಅಂತ ವಚನ ಕೊಡತಾರ. ನಮಗ ಕಲಿಸಿದ ಜೆಸ್ವಿಟ್ ಫಾದರಗಳದು ಉಲ್ಟಾ: ಪೋಪ್ ಎಲ್ಲೆ ಕಳಿಸಿದ್ರೂ ಹೋಗತೇವಿ ಅನ್ನೋದು ಅವರ ನಾಕನೇ ವಚನ. ಹೋಗೋರು, ಉಳಿಯೋರು. ನನಗ ಹುಳ ಹೊಕ್ಕದ್ದು ಇಲ್ಲೆ.

ಹೋದವರ ಪೈಕಿ ದೊಡ್ಡಾಂವ ನಿಮ್ಮ ಗೋಂಯ್ಚೊ ಸಾಯಬ್, ಫ್ರಾನ್ಸಿಸ್ ಕ್ಸೇವಿಯರ್. ಪ್ಯಾರಿಸ್‌ದಾಗ ಓದುವಾಗ ಇಗ್ನೇಷಿಯಸ್ (ಮುಂದ ಜೆಸ್ವಿಟ್ ಸಭೆ ಕಟ್ಟಿದಾಂವ), ಪೀಟರ್ ಫೇಬರ್, ಕ್ಸೇವಿಯರ್ ಮೂವರೂ ಒಂದ ರೂಮಿನಾಗ ಇದ್ದವರು. ಆ ರೂಮಿನ ಬಾಡಿಗಿ ಯಾರು ಕೊಡತಿದ್ದರೋ, ನಮ್ಮ ಧಾರವಾಡದ ರೂಮಿಂದಂತೂ ನಾನ ಕೊಟ್ಟೇನಿ. ಮುಂದ ಇಗ್ನೇಷಿಯಸ್ ರೋಮಿನಾಗ ಮೇಜಿನ ಮುಂದ ಕುಂತ. ಕ್ಸೇವಿಯರ್ 1541ರಾಗ ಲಿಸ್ಬನ್ ಬಿಟ್ಟು 1542ರ ಮೇ 6ಕ್ಕ ಗೋವಾ ಮುಟ್ಟಿದ. ಅಲ್ಲಿಂದ ಮಲಾಕ್ಕಾ, ಮಸಾಲಿ ದ್ವೀಪಗಳು, ಜಪಾನ್. ಮತ್ತ ಯುರೋಪ್ ನೋಡಲೇ ಇಲ್ಲ. 1546ರ ಮೇದಾಗ ಅಂಬೊಯ್ನಾ ದ್ವೀಪದಿಂದ ಗೆಳೆಯಾರಿಗೆ ಬರೀತಾನ: ನೀವು ಬರದ ಪತ್ರದಾಗಿನ ನಿಮ್ಮ ಸಹಿ ಅಷ್ಟ ಕತ್ತರಿಸಿ ತಗದು, ಸದಾ ನನ್ನ ಜೋಡಿ ಇಟಗೊಂಡ ತಿರಗತೇನಿ ಅಂತ. ಇದನ್ನ ಓದುವಾಗ ನನ್ನ ದನಿ ಕಟ್ಟಿತು, ಕೆಮ್ಮು ಬಂತು ಅಂತ ಹೇಳಿದೆ.

ಅದ ತಿಂಗಳು, ಅದ ದ್ವೀಪದಿಂದ ಅಂವ ಪೋರ್ಚುಗಲ್ ರಾಜಗೂ ಒಂದ ಪತ್ರ ಬರದಾನ, ಗೋವಾಕ್ಕ ಇನ್‌ಕ್ವಿಸಿಷನ್, ಅಂದ್ರ ಧರ್ಮ ತಪ್ಪಿದವರನ್ನ ವಿಚಾರಿಸಿ ಶಿಕ್ಷೆ ಕೊಡೋ ಚರ್ಚಿನ ಕೋರ್ಟು, ಬೇಕು ಅಂತ. ಅದು ಬಂದದ್ದು 1560ರಾಗ, ಅಂವ ಸತ್ತ ಮ್ಯಾಲ. ಬಂದ ಮ್ಯಾಲ ಏನೇನ ಆತು ಅನ್ನೋದು ಗೋವಾದವರಿಗೆ ಹೇಳಬೇಕಾಗಿಲ್ಲ. ಇದು ಆಂಟಿ ಪುಸ್ತಕದಾಗ ಇಲ್ಲ, ನಾ ಬ್ಯಾರೆ ಕಡೆ ಓದಿದ್ದು. ಹೇಳಬೇಕೋ ಬ್ಯಾಡೋ ಅಂತ ಅನಮಾನಿಸಿ ಹೇಳಿದೆ. "ಗೊತ್ತೈತಿ" ಅಂದ್ರು, ಮುಂದ ಓದು ಅಂತ ಕೈ ಮಾಡಿದರು. ಒಂದ ಕೈಯಿಂದ ಆ ಎರಡೂ ಪತ್ರ ಹೆಂಗ ಬಂದ್ವು ಅನ್ನೋದು ನನಗಂತೂ ಇನ್ನೂ ಬಗೀಹರದಿಲ್ಲ.

1552ರ ಡಿಸೆಂಬರ್ 3ಕ್ಕ ಕ್ಸೇವಿಯರ್ ಚೀನಾದ ದಂಡಿಗಿನ ಶಾಂಗ್‌ಚುವಾನ್ ದ್ವೀಪದಾಗ ತೀರಕೊಂಡ. 1553ರ ಜೂನ್‌ದಾಗ ಇಗ್ನೇಷಿಯಸ್ ರೋಮಿನಿಂದ ಅಂವಗ ಪತ್ರ ಬರದ: ವಾಪಸ್ ಬಾ. ಗೆಳೆಯ ಸತ್ತು ಆರ ತಿಂಗಳ ಮ್ಯಾಲಾಗಿತ್ತು, ಬರದಾಂವಗ ಗೊತ್ತಿಲ್ಲ. ಇದನ್ನ ಓದಿದ ರಾತ್ರಿನ ನಾ ನಿನಗ "ಯಾವಾಗ ಬರತಿ" ಅಂತ ಮೆಸೇಜ್ ಬಿಟ್ಟದ್ದು. ನೀ ಹೆಬ್ಬೆಟ್ಟ ಕಳಿಸಿದಿ.

ಇರಲಿ. ನನ್ನ ತಲಿ ಕೆಡಿಸಿದಾಂವ ಕ್ಸೇವಿಯರ್ ಅಲ್ಲ, ಅಲ್ಫೋನ್ಸಸ್ ರೊಡ್ರಿಗಸ್. ಹೆಸರ ಕೇಳಿದ್ರ ಕ್ಯಾಂಪಿನಾಗ ಬೇಕರಿ ಇಟ್ಟಾಂವ ಅನಸತೈತಿ. ಸ್ಪೇನಿನ ಸೆಗೋವಿಯಾದ ಉಣ್ಣಿ ವ್ಯಾಪಾರಿ ಮಗ. ಸಣ್ಣಾಂವ ಇದ್ದಾಗ ಇವರ ಮನ್ಯಾಗ ಬಂದ ಇಳಕೊಂಡು ಇವಗ ಧರ್ಮಪಾಠ ಹೇಳಿ ಕೊಟ್ಟಾಂವ ಯಾರಂತಿ, ಅದ ಪ್ಯಾರಿಸ್ ರೂಮಿನ ಫೇಬರ್. ಮುಂದ ವ್ಯಾಪಾರ ಮುಳಗಿತು, ಹೇಣ್ತಿ ಸತ್ತಳು, ಮಕ್ಕಳೂ ಒಬ್ಬೊಬ್ಬರ ಹೋದರು. ಹೆಚ್ಚ ಓದಿಲ್ಲ, ವಯಸ್ಸಾಗೈತಿ, ಮೈಯಾಗ ತ್ರಾಣಿಲ್ಲ. ಇಂಥಾಂವನ್ನ ಪಾದ್ರಿ ಮಾಡಾಕ ಬರೂದಿಲ್ಲ ಅಂತ 1571ರಾಗ ಜೆಸ್ವಿಟ್ ಸಭೆಯವರು ಬ್ರದರ್ ಅಂತ ತಗೊಂಡರು. ಮಯೋರ್ಕಾ ದ್ವೀಪದ ಪಾಲ್ಮಾ ಊರಿನ ಕಾಲೇಜಿನಾಗ ಬಾಗಲಾ ಕಾಯೋ ಕೆಲಸ. 1617ರಾಗ ಸತ್ತದ್ದೂ ಅಲ್ಲೆ. ಗಂಟಿ ಸಪ್ಪಳಾದಾಗೊಮ್ಮೆ "ಬಂದೆ, ಸ್ವಾಮಿ" ಅಂತ ಏಳತಿದ್ದನಂತ, ಹೊರಗ ನಿಂತಾಂವ ದೇವರ ಅಂತ ತಿಳದು.

ಬಾಗಲಾ ಕಾಯೋ ಸಂತರು ಇನ್ನೂ ಅದಾರ. ಬವೇರಿಯಾದ ಕಪುಚಿನ್ ಮಠದಾಗ ಕಾನ್ರಾಡ್ ಅನ್ನಾಂವ 41 ವರ್ಷ ಇದನ್ನ ಮಾಡಿದ. ನಿಮ್ಮ ಕೆನಡಾದಾಗೂ ಒಬ್ಬಾಂವ, ಮಾಂಟ್ರಿಯಲ್ಲಿನ ಬ್ರದರ್ ಆಂಡ್ರೆ ಬೆಸೆಟ್. 1937ರಾಗ ಸತ್ತ, 2010ರಾಗ ಸಂತ ಆದ. ಅಲ್ಲಿ ಗುಡ್ಡದ ಮ್ಯಾಗಿನ ಸೇಂಟ್ ಜೋಸೆಫ್ ಒರೇಟರಿ ಶುರುವಾದದ್ದು ಅಂವನಿಂದ. ಟೊರಾಂಟೊದಾಗ ಕುಂತು ಬರೇ ಹಿಮದ ಫೋಟೋ ಕಳಸತಿ, ಒಮ್ಮೆ ಅಲ್ಲೆ ಹೋಗಿ ಬಾ, ಆಂಟಿ ಕೇಳಾಕತ್ತಾರ.

ಅಲ್ಫೋನ್ಸಸ್ ಮುದುಕ ಆದ ಮ್ಯಾಲ, 1605ರಾಗ, ಆ ಕಾಲೇಜಿಗೆ ಪೀಟರ್ ಕ್ಲೇವರ್ ಅನ್ನೋ ಹುಡುಗ ಓದಾಕ ಬಂದ. ಬಾಗಲದಾಗ ಕುಂತ ಮುದುಕಂದೂ ಈ ಹುಡುಗಂದೂ ದೋಸ್ತಿ ಆತು. ಇಲ್ಲೆ ಇರಬ್ಯಾಡ, ಸಮುದ್ರದ ಆಚೀಕ ಅಮೆರಿಕಾಕ್ಕ ಹೋಗು ಅಂತ ಬೆನ್ನ ಹತ್ತಿದಾಂವ ಮುದುಕ. ಪ್ರಾರ್ಥನಿ, ಉಪದೇಶ ತಾನ ಬರಕೊಂಡ ವಹಿ ಇತ್ತು, ಅದನ್ನೂ ಹುಡುಗಗ ಕೊಟ್ಟ ಕಳಿಸಿದ. ಕ್ಲೇವರ್ 1610ರಾಗ ಹಡಗ ಹತ್ತಿದ. ಈಗಿನ ಕೊಲಂಬಿಯಾದ ಕಾರ್ತಹೇನಾ ಬಂದರಕ್ಕ ಆಫ್ರಿಕಾದಿಂದ ಗುಲಾಮರನ್ನ ತುಂಬಕೊಂಡ ಹಡಗ ಬರತಿದ್ವು. ಬಂದ ಕೂಡಲೇ ಅದರ ತಳಕ್ಕ ಇಳದು, ಆ ನಾತದಾಗ, ಸಾಯಾಕ ಬಿದ್ದವರಿಗೆ ನೀರು, ಔಷಧ, ತಿನ್ನಾಕ ಕೊಡೋದು ಇವನ ಕೆಲಸ. 1622ರಾಗ ಕಡೀ ವಚನ ಕೊಟ್ಟಾಗ "ಆಫ್ರಿಕನ್ನರ ಸದಾಕಾಲದ ಗುಲಾಮ" ಅಂತ ಸಹಿ ಮಾಡಿದ. ಕೊನೀಗೆ ತಾನ ಹಾಸಿಗಿ ಹಿಡದಾಗ, ನೋಡಕೊಳ್ಳಾಕ ಇಟ್ಟಾಂವ ನೆಟ್ಟಗ ನೋಡಲಿಲ್ಲ. 1654ರಾಗ ಸತ್ತ. ಮುದುಕಂದೂ ಇವಂದೂ ಮತ್ತ ಭೆಟ್ಟಿ ಆಗಲೇ ಇಲ್ಲ. 1888ರ ಜನವರಿ 15ಕ್ಕ ಪೋಪ್ 13ನೇ ಲಿಯೋ ಇಬ್ಬರನ್ನೂ ಒಂದ ದಿನ ಸಂತರು ಅಂತ ಸಾರಿದರು.

ಆಂಟಿ ಸೆರಗಿಲೆ ಕಣ್ಣ ಒರಿಸಿಕೊಂಡ್ರು. "ನೀನೂ ಆ ಮುದುಕನಂಗ. ನನ್ನ ಮಗನ್ನ ಕಳಿಸಿ, ನೀ ಇಲ್ಲೆ ಬಾಗಲಾ ಕಾಯಾಕತ್ತಿ" ಅಂದ್ರು. ನಾ ಪುಸ್ತಕ ಮುಚ್ಚಿ, ಕಪ್ಪು ಬಸಿ ತಗೊಂಡು ಬಚ್ಚಲಕ್ಕ ಹೋದೆ.

ಯಾಕಂದ್ರ ಗೋಲಿ, ನಾ ಕಿರ್ದಿ ಬರಿಯೋ ಮನಷಾ. ಸೊಸೈಟ್ಯಾಗ ಮಂದೀದು ಬರೀತೇನಿ, ತಲ್ಯಾಗ ನಿಂದು. ಆಂಟಿನ ದವಾಖಾನಿಗೆ ಕರಕೊಂಡ ಹೋದದ್ದು ನಿನ್ನ ಹೆಸರಿಗೆ ನಾವೆ, ಅಂದ್ರ ನೀ ಕೊಡೋ ಬಾಕಿ. ಗ್ಯಾಸ್ ಸಿಲಿಂಡರ್ ತಂದ ಹಚ್ಚಿದ್ದು ನಾವೆ. ಈಸ್ಟರ್ ರಾತ್ರಿ ಚರ್ಚಿನ ಹೊರಗ ಗಾಡಿಯಾಗ ತೂಕಡಿಸಿದ್ದು ನಾವೆ. 2024ರ ಡಿಸೆಂಬರ್‌ದಾಗ ಹತ್ತ ವರ್ಷಕ್ಕೊಮ್ಮೆ ಆಗೋ ಕ್ಸೇವಿಯರ್ ದೇಹದ ದರ್ಶನಕ್ಕ ಅವರನ್ನ ಹಳೇ ಗೋವಾಕ್ಕ ಕರಕೊಂಡ ಹೋದೆ. ಜಾಂಬೋಟಿ, ಚೋರ್ಲಾ ಘಾಟ, ದಾರಿ ತುಂಬ ಜಪಮಾಲಿ. ಬೊಮ್ ಜೀಸಸ್‌ನಿಂದ ಸೆ ಕೆಥೆಡ್ರಲ್‌ಗೆ ಸಂತನ್ನ ತಂದಿಟ್ಟಿದ್ದರು. ಬಲಗೈ ಇಲ್ಲ, ಅದನ್ನ 1614ರಾಗನ ರೋಮಿಗೆ ಒಯ್ದಾರ. ಹೊರಗ ಬಂದ ಮ್ಯಾಲ ಆಂಟಿ ಅಳಾಕತ್ತಾಗ ಒಂದ ಫೋಟೋ ತಗದು ನಿನಗ ಕಳಿಸಿದೆ. ನೀಲಿ ಗೀಟ ಬಿದ್ವು, ನಿನ್ನ ಉತ್ತರ ಬರಲಿಲ್ಲ. ಆ ಚಳ್ಯಾಗ ನೀ ಒಬ್ಬನ ಕುಂತು ಅತ್ತಿರಬೇಕು ಅಂತ ಅಂದಾಜ ಮಾಡಿದೆ. ಮಾಡಿ, ನನಗ ಖುಷಿ ಆತು. ನೋಡಪಾ, ಬರದ ಬಿಟ್ಟೆ.

ನಿನ್ನ ಕಳಿಸಿದಾಂವ ನಾ ಅನ್ನೋದೂ ಅರ್ಧ ಖರೆ. "ಹೋಗಲೇ, ಇಲ್ಲೇನ ಐತಿ" ಅಂದಿದ್ದೆ. ಅದ ವರ್ಷ ನಾನೂ ಪಾಸ್‌ಪೋರ್ಟ್ ಮಾಡಿಸಿದ್ದೆ, ನಿನಗೂ ಹೇಳಲಿಲ್ಲ. ಒಂದ ಮುದ್ರಿ ಬೀಳದ ಅದರ ಅವಧಿ ಮುಗೀತು. ಅಪ್ಪನ ಸಲುವಾಗಿ ಉಳದೆ ಅಂತ ಮಂದಿ ಮುಂದ ಹೇಳತೇನಿ. ಅಪ್ಪ ಗಟ್ಟಿಮುಟ್ಟ ಇದ್ದಾನ, ಇವತ್ತಿಗೂ ಹೊಲಕ್ಕ ಹೋಗತಾನ. ನಾ ಅಂಜಿದ್ದೆ, ಅಷ್ಟ. ಅಲ್ಫೋನ್ಸಸ್ ಮನಿ ಮಠ ಕಳಕೊಂಡ ಮ್ಯಾಲ ಬಾಗಲದಾಗ ಕುಂತ, ಯಾರ ಹೆಸರಿಗೂ ಏನೂ ಹಚ್ಚಲಿಲ್ಲ. ನಾ ಏನೂ ಕಳಕೊಳ್ಳದ ಕುಂತು, ನಿನ್ನಿಂದ ಬಡ್ಡಿ ಎಣಸಾಕತ್ತೇನಿ.

ಹಂಗಂತ ನೀ ಗಾಬರಿಯಾಗಿ ಟಿಕೆಟ್ ತಗಸಬ್ಯಾಡ. ಓದೋ ಬಾಕಿ ಮಂದಿಗೂ ಹೇಳತೇನಿ, "ಎಂಥಾ ದೊಡ್ಡ ಮನಸ್ಸ್ರೀ ನಿಮ್ಮದು" ಅಂತ ಕೆಳಗ ಬರೀಬ್ಯಾಡ್ರಿ, ಅದನ್ನೂ ನಾ ಜಮಾ ಹಿಡೀತೇನಿ. ಆಂಟಿಗೆ ಈ ಪತ್ರದ ಸುದ್ದಿ ಎತ್ತಬ್ಯಾಡ. ಅವರಿಗೆ ಓದಿ ಹೇಳಾಂವ ನಾನ ಆದ್ದರಿಂದ ಆ ಚಿಂತಿ ಇಲ್ಲ. ನಾಳೆ ಪಡುವಾದ ಅಂತೋನಿ ಪಾಳಿ, ಕಳದ ಸಾಮಾನು ಹುಡುಕಿ ಕೊಡಾಂವ. ನಿನ್ನ ಎಡಗಾಲಿನ ಬೂಟಿನ ಬಗ್ಗೆ ಕೇಳತೇನಿ.

ಮತ್ತ ಆಂಟಿ ನನ್ನನ್ನ ಸಂತರ ಸಾಲಿನಾಗ ಕೂಡ್ಸಾಕತ್ತಾರಂದ್ರ ಕೂಡಸಲಿ. ಸಾಮಾನ್ಯ ಎರಡ ಪವಾಡ ಬೇಕಾಗತಾವಂತ. ಪಿಯುಸಿ ಗಣಿತ ಪಾಸಾದಾಗ ಒಂದ ಆಗೈತಿ. ನೀ ಧಾರವಾಡದ ರೂಮಿನ ಬಾಡಿಗಿ ಕೊಟ್ಟ ದಿನ ಎರಡನೇದು.

ಇತಿ ನಿನ್ನ
ಶಿವ್ಯಾ