ಎದೆಗವಚವೂ ಶಿಲ್ಪವೇ

ಮಾನ್ಯರೆ,

ಕಲಾಶಾಲೆಯಲ್ಲಿ ಓದುತ್ತಿರುವ ನನ್ನ ಮಗಳು ಹಿತ್ತಾಳೆ ತಗಡು ಬಡಿದು ಒಂದು ಎದೆಗವಚ ಮಾಡಿದ್ದಾಳೆ. ಅದಕ್ಕೆ ಮಾದರಿ 15ನೇ ಶತಮಾನದ ಯುರೋಪಿನ ಯೋಧರ ಉಕ್ಕಿನ ಕವಚ. ಒಳಮೈಗೆ ನೂರಾರು ಸೇಫ್ಟಿ ಪಿನ್ನು ಕೋದಿದ್ದಾಳೆ. ಹಳೆಯ ಸರಪಳಿ ಕವಚಗಳಲ್ಲಿ ಒಂದೊಂದು ಉಂಗುರ ಸುತ್ತಲಿನ ನಾಲ್ಕನ್ನು ಹಿಡಿದಿರುತ್ತದಲ್ಲ, ಹಾಗೆ. ಅದನ್ನು ನಗರದ ಪ್ರದರ್ಶನವೊಂದಕ್ಕೆ ಒಯ್ದಾಗ ‘ಇದು ಶಿಲ್ಪವಲ್ಲ, ಫ್ಯಾಷನ್’ ಎಂದು ವಾಪಸು ಕಳಿಸಿದರು.

ಪಿನ್ನು ಯಾಕೆಂದು ಬೆಂಗಳೂರಿನ ಹೆಂಗಸರಿಗೆ ಹೇಳಬೇಕಿಲ್ಲ. ನಾನು ಕಾಲೇಜಿಗೆ ಮೆಜೆಸ್ಟಿಕ್ ಬಸ್ಸು ಹತ್ತುತ್ತಿದ್ದ ದಿನಗಳಲ್ಲಿ ಅಮ್ಮ ನನ್ನ ಬಳೆಗೆ ಎರಡು ಪಿನ್ನು ಸಿಕ್ಕಿಸುತ್ತಿದ್ದರು. ‘ಒಂದು ದಾವಣಿಗೆ, ಇನ್ನೊಂದು ಹಿಂದೆ ನಿಲ್ಲುವವನಿಗೆ’ ಎನ್ನುತ್ತಿದ್ದರು. ಮಗಳ ಕವಚ ತೊಟ್ಟು ನೋಡಿದೆ. ಪಿನ್ನುಗಳ ತಣ್ಣನೆ ಎದೆಗೆ ತಾಗಿದ ಕೂಡಲೇ ಆ ಬಸ್ಸಿನ ನೂಕುನುಗ್ಗಲು ನೆನಪಾಗಿ ಕಣ್ಣು ತುಂಬಿತು. ಗೋಡೆಗೆ ನೇತುಹಾಕಿದ್ದರೆ ಅದು ನನಗೆ ತಿಳಿಯುತ್ತಲೇ ಇರಲಿಲ್ಲ. ಇಪ್ಪತ್ತು, ಇಪ್ಪತ್ತೈದು ಕಿಲೋ ತೂಗುವ ಉಕ್ಕಿನ ಕವಚ ತೊಟ್ಟೂ ಯೋಧ ಕುದುರೆ ಏರುತ್ತಿದ್ದ, ಭಾರ ಮೈಯೆಲ್ಲ ಹಂಚಿಹೋಗುತ್ತಿತ್ತು. ಮೈಯಿಲ್ಲದೆ ಕವಚ ಪೂರ್ತಿಯಾಗದು.

ಆದರೆ ಯಾರ ಮೈ ಎಂಬ ಪ್ರಶ್ನೆ ಹಳೆಯದು. 1429ರಲ್ಲಿ, ಸೈನ್ಯದ ಮುಂದೆ ನಿಂತು ಹೋರಾಡಿದ ಫ್ರೆಂಚ್ ಯುವತಿ ಜೋನ್ ಆಫ್ ಆರ್ಕ್‌ಗೆ ಫ್ರಾನ್ಸಿನ ಟೂರ್ ಪಟ್ಟಣದಲ್ಲಿ ಕವಚ ಮಾಡಿಸಿದರು. 1431ರಲ್ಲಿ ಆಕೆಯನ್ನು ಸುಟ್ಟರು. ಗಂಡುಡುಗೆ ತೊಟ್ಟಿದ್ದೂ ಆರೋಪಗಳಲ್ಲೊಂದು. ಇಂದಿನ ವಿಡಿಯೊ ಗೇಮ್‌ಗಳಲ್ಲಿ ಹೆಣ್ಣಿನ ಕವಚಕ್ಕೆ ಮೊಲೆಗಳ ಆಕಾರ ಕೊಡುತ್ತಾರೆ. ನಿಜವಾದ ಎದೆಗವಚದ ಉಬ್ಬು ಒಂದೇ, ಈಟಿಯ ಮೊನೆ ಪಕ್ಕಕ್ಕೆ ಜಾರಲೆಂದು. ಎರಡು ಉಬ್ಬು ಮಾಡಿದರೆ ಏಟು ನೇರ ಎದೆಯ ನಡುವಿಗೇ ಜಾರುತ್ತದೆ. ಮಗಳು ಒಂದೇ ಉಬ್ಬು ಬಡಿದಿದ್ದಾಳೆ.

ಬಡಿಯಲು ಕಲಿಸಿದವರು ನಗರ್ತಪೇಟೆಯ ಹಿರಿಯ ಕುಶಲಕರ್ಮಿಯೊಬ್ಬರು. ಹಿತ್ತಾಳೆ ಬಡಿದಷ್ಟೂ ಗಡುಸಾಗುತ್ತದೆ, ಬಿರಿಯುವ ಮೊದಲೇ ಕಾಸಿ ಮೆದು ಮಾಡಿ ಮತ್ತೆ ಬಡಿಯಬೇಕು. ಆ ಕೆಲಸದ ಸದ್ದು ಈ ಪೇಟೆಯಲ್ಲಿ ಕಡಿಮೆಯಾಗುತ್ತಿರುವುದು ನನಗೆ ಸಂಕಟ ತರುತ್ತದೆ.

ತೊಡುವ ಲೋಹಕಲೆಯನ್ನು ನಗರದ ಗ್ಯಾಲರಿಗಳು ಶಿಲ್ಪವೆಂದೇ ಸ್ವೀಕರಿಸಲಿ. ಗಾಜಿನ ಪೆಟ್ಟಿಗೆಯೊಳಗೆ ಇಡದೆ, ಬಂದವರಿಗೆ ತೊಟ್ಟು ನೋಡಲು ಬಿಡಲಿ. ಗಂಡಸರಿಗೂ.

– ಒಬ್ಬ ತಾಯಿ, ಬಸವನಗುಡಿ, ಬೆಂಗಳೂರು